ಬಿಎಡ್‌ನ 16 ವಾರ: ಶಾಲೆಗೆ ಕಾಲಿಡುವ ಮುಂಚೆ

ಬಿಎಡ್ ಓದುವವರು ಶಾಲೆಗೆ ಹೋಗಿ ಪಾಠ ಮಾಡುವ 16 ವಾರದ ಇಂಟರ್ನ್‌ಶಿಪ್ಪಿಗೆ ಶೇ. 90 ಹಾಜರಿ ಬೇಕು ಅಂದಾಗ ಎಲ್ಲರೂ ತಲೆಯಾಡಿಸುತ್ತಾರೆ, ಲೆಕ್ಕ ಹಾಕುವವರು ಕಡಿಮೆ. 16 ವಾರ, ವಾರಕ್ಕೆ 6 ದಿನ, ಒಟ್ಟು 96. ಅದರಲ್ಲಿ ಶೇ. 90 ಅಂದರೆ 87 ದಿನ. ನಿಮ್ಮ ಕೈಯಲ್ಲಿ ಉಳಿಯುವುದು 9. ಊರ ಜಾತ್ರೆಗೆ ಎರಡು, ಮನೆಯ ಮದುವೆಗೆ ಎರಡು, ಜ್ವರಕ್ಕೆ ಮೂರು, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಎರಡು ಸಲ ಓಡಾಟ. ಅಲ್ಲಿಗೆ ಮುಗಿಯಿತು. ನಡುವೆ ಸರ್ಕಾರಿ ರಜೆಗಳು ಹೆಚ್ಚಾದರೆ ಒಟ್ಟು ದಿನಗಳೇ ಕಡಿಮೆಯಾಗಿ ಈ 9 ಕೂಡ ಇಳಿಯಬಹುದು. ಕಾಲೇಜಿನ ತರಗತಿಗಳಿಗೆ ಶೇ. 80 ಸಾಕು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಾದ ಎನ್‌ಸಿಟಿಇಯ 2014ರ ನಿಯಮದಂತೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ಅದರಲ್ಲಿ 160 ಬಂದಿರಬೇಕು. ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯಿಂದ ಧಾರವಾಡಕ್ಕೆ ದಿನಾ ಓಡಾಡುವವರು ಮೊದಲ ವಾರದಿಂದಲೇ ಒಂದು ಬಸ್ಸು ಮುಂಚೆ ಹಿಡಿಯುವ ರೂಢಿ ಹಾಕಿಕೊಂಡರೆ ಒಳ್ಳೆಯದು. ಪ್ರಾರ್ಥನೆ ಮುಗಿದ ಮೇಲೆ ಶಾಲೆಯ ಗೇಟು ದಾಟಿದವರಿಗೆ ಮುಖ್ಯಗುರುಗಳು ಅರ್ಧ ದಿನ ಹಾಕಿದರೆ ವಾದ ಮಾಡಿ ಉಪಯೋಗವಿಲ್ಲ.

ಬಿಎಡ್ ಸೇರುವ ಅರ್ಹತೆಯ ಮಾತು ಚಿಕ್ಕದು. ಪದವಿ ಅಥವಾ ಸ್ನಾತಕೋತ್ತರದಲ್ಲಿ ಶೇ. 50, ಇಂಜಿನಿಯರಿಂಗ್ ಓದಿದವರಿಗೆ ಶೇ. 55, ಮೀಸಲಾತಿ ಇರುವವರಿಗೆ ಸರ್ಕಾರದ ನಿಯಮದಂತೆ ರಿಯಾಯಿತಿ. ಎರಡು ವರ್ಷದ ಕೋರ್ಸು, ಹೆಚ್ಚೆಂದರೆ ಮೂರು ವರ್ಷದಲ್ಲಿ ಮುಗಿಸಬೇಕು. ಆದರೆ ಒಂದು ಹಳೆಯ ನಂಬಿಕೆ ಇನ್ನೂ ಓಡಾಡುತ್ತಿದೆ: ಬಿಎಡ್ ಮಾಡಿದರೆ ಯಾವ ತರಗತಿಗಾದರೂ ಶಿಕ್ಷಕರಾಗಬಹುದು ಅಂತ. ಆಗುವುದಿಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ 1ರಿಂದ 5ನೇ ತರಗತಿಗೆ ಬಿಎಡ್ ಅರ್ಹತೆಯಲ್ಲ. ಸಣ್ಣ ಮಕ್ಕಳಿಗೆ ಕಲಿಸುವ ಆಸೆ ಇದ್ದವರು ಪಿಯುಸಿಯಲ್ಲಿ ಶೇ. 50 ಇಟ್ಟುಕೊಂಡು ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿಎಲ್‌ಎಡ್‌ಗೆ ಹೋಗಬೇಕು. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ, ಮೊದಲು ಅಲ್ಲಿ ವಿಚಾರಿಸಿ.

6ರಿಂದ 8ನೇ ತರಗತಿಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಬೇಕು. 150 ಅಂಕ, ಸಾಮಾನ್ಯ ವರ್ಗಕ್ಕೆ ಪಾಸಾಗಲು 90. ಮಕ್ಕಳ ವಿಕಾಸ ಮತ್ತು ಬೋಧನಶಾಸ್ತ್ರಕ್ಕೆ 30, ಎರಡು ಭಾಷೆಗೆ 30ರಂತೆ 60, ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನಕ್ಕೆ 60. ಅಂದರೆ 90 ಅಂಕ ನಿಮ್ಮ ವಿಷಯದ ಹೊರಗೇ ಇದೆ. ಬಿಎಸ್ಸಿ ಮಾಡಿದವರು ಕನ್ನಡ ವ್ಯಾಕರಣ ಮುಟ್ಟದೆ ಹೋಗಿ ಸಿಕ್ಕಿಬೀಳುವುದು ಇಲ್ಲೇ.

ಗೆಳೆಯರನ್ನೇ ಮಕ್ಕಳೆಂದು ಕೂರಿಸಿ ಪುಟ್ಟ ಪಾಠ ಮಾಡಿ ಕಲಿಯುವ ಮೈಕ್ರೋ ಟೀಚಿಂಗನ್ನು ಹಗುರವಾಗಿ ತಗೊಳ್ಳುವವರು ಬಹಳ. ಒಂದು ಸುತ್ತು 36 ನಿಮಿಷ: ಪಾಠ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಪಾಠ 6, ಮತ್ತೆ ಹಿಮ್ಮಾಹಿತಿ 6. ನಡೆಯುವುದೇನೆಂದರೆ ಮೊದಲ 6 ನಿಮಿಷದ ಪಾಠ ಮಾಡಿ, ಗೆಳೆಯರು ‘ಚಲೋ ಆತು’ ಅಂದು, ಉಳಿದದ್ದನ್ನು ರೆಕಾರ್ಡಿನಲ್ಲಿ ಬರೆದುಬಿಡುತ್ತಾರೆ. ಇಡೀ ಸುತ್ತಿನ ಜೀವ ಇರುವುದು ಆ 12 ನಿಮಿಷದಲ್ಲಿ. ಗಮನಿಸುವವರು ಅಭಿಪ್ರಾಯ ಹೇಳುವ ಬದಲು ಎಣಿಸಲಿ: 6 ನಿಮಿಷದಲ್ಲಿ ಎಷ್ಟು ಪ್ರಶ್ನೆ, ಅದರಲ್ಲಿ ಹೌದು-ಇಲ್ಲ ಎಂಬ ಉತ್ತರದವು ಎಷ್ಟು, ‘ಗೊತ್ತಾಯ್ತಾ?’ ಎಷ್ಟು ಸಲ ಬಂತು. ಸಂಖ್ಯೆ ಕಂಡಾಗ ತಿದ್ದುಕೊಳ್ಳುವುದು ಸುಲಭ.

ಇನ್ನು ಪಾಠ ಯೋಜನೆ. ‘ವಿದ್ಯಾರ್ಥಿಯು ಘರ್ಷಣೆಯನ್ನು ತಿಳಿಯುವನು’ ಎಂದು ಬರೆದರೆ ಅದನ್ನು ಅಳೆಯುವುದು ಹೇಗೆ? ತಿಳಿದದ್ದು ಕಣ್ಣಿಗೆ ಕಾಣುವುದಿಲ್ಲ. ‘ಒರಟು ಮತ್ತು ನುಣುಪು ಮೇಲ್ಮೈಗಳ ಮೇಲೆ ಅದೇ ವಸ್ತುವನ್ನು ಎಳೆಯಲು ಬೇಕಾದ ಬಲವನ್ನು ಸ್ಪ್ರಿಂಗ್ ತ್ರಾಸಿನಿಂದ ಅಳೆದು ಹೋಲಿಸುವನು’ ಅಂದರೆ ಚಟುವಟಿಕೆ ಯಾವುದು, ಕೊನೆಗೆ ಕೇಳುವ ಪ್ರಶ್ನೆ ಯಾವುದು, ಎರಡೂ ಆ ಒಂದೇ ವಾಕ್ಯದಿಂದ ಹುಟ್ಟುತ್ತವೆ. ಉದ್ದೇಶದ ವಾಕ್ಯ ಸಡಿಲವಾದರೆ ಮುಂದಿನ ನಾಲ್ಕು ಪುಟವೂ ಸಡಿಲ.

ಇದೇ ಪಾಠವನ್ನು 40 ನಿಮಿಷಕ್ಕೆ ಹಂಚಿ ನೋಡಿ: ಪೀಠಿಕೆ 5, ಚಟುವಟಿಕೆ 15, ವಿವರಣೆ ಮತ್ತು ಬೋರ್ಡಿನ ಕೆಲಸ 12, ಮೌಲ್ಯಮಾಪನ 6, ಮನೆಗೆಲಸ 2. ಕಾಗದದ ಮೇಲೆ ಚೆಂದ ಕಾಣುತ್ತದೆ. ತರಗತಿಯಲ್ಲಿ ಮೊದಲು ಕೈಕೊಡುವುದು ಎಳೆಯಲೆಂದು ತಂದ ಇಟ್ಟಿಗೆ. ಇಡೀ ಇಟ್ಟಿಗೆ ಸುಮಾರು 3 ಕೆಜಿ ತೂಗುತ್ತದೆ, ಸಿಮೆಂಟ್ ನೆಲದ ಮೇಲೆ ಎಳೆಯಲು 15 ನ್ಯೂಟನ್‌ಗಿಂತ ಹೆಚ್ಚೇ ಬೇಕಾದೀತು. ಶಾಲೆಯಲ್ಲಿರುವುದು 10 ನ್ಯೂಟನ್ನಿನ ತ್ರಾಸಾದರೆ ಮುಳ್ಳು ಕೊನೆಗೆ ಹೋಗಿ ನಿಲ್ಲುತ್ತದೆ, ಮಕ್ಕಳು ನಗುತ್ತಾರೆ. ಕಟ್ಟಿಗೆಯ ತುಂಡೋ ತುಂಬಿದ ಕಂಪಾಸ್ ಪೆಟ್ಟಿಗೆಯೋ ಸಾಕು. ಎರಡನೆಯದು, ದಾರವನ್ನು ಮೇಲಕ್ಕೆ ಓರೆಯಾಗಿ ಎಳೆದರೆ ವಸ್ತುವಿನ ಭಾರ ಸ್ವಲ್ಪ ದಾರದ ಮೇಲೆ ಬಿದ್ದು ಅಳತೆ ತಪ್ಪುತ್ತದೆ. ನೆಲಕ್ಕೆ ಸಮನಾಗಿ ಹಿಡಿಸಿ. ಮೂರನೆಯದು ಇನ್ನೂ ಸೂಕ್ಷ್ಮ: ವಸ್ತು ಕದಲುವ ಕ್ಷಣದ ಅಳತೆ ಹೆಚ್ಚು, ಜಾರುತ್ತಿರುವಾಗಿನದು ಕಡಿಮೆ. ಒಂದು ಗುಂಪು ಅದನ್ನು, ಇನ್ನೊಂದು ಇದನ್ನು ಬರೆದುಕೊಂಡರೆ ಬೋರ್ಡಿನ ಮೇಲಿನ ಕೋಷ್ಟಕ ಗೊಂದಲದ ಗೂಡು. ಯಾವುದನ್ನು ಬರೆಯಬೇಕೆಂದು ಮೊದಲೇ ಹೇಳಿ. ಹಿಂದಿನ ದಿನ ಅದೇ ಕೋಣೆಯಲ್ಲಿ, ಅದೇ ನೆಲದ ಮೇಲೆ ಒಮ್ಮೆ ಎಳೆದು ನೋಡಿದ್ದರೆ ಇವು ಮೂರೂ ಸಿಕ್ಕಿರುತ್ತಿದ್ದವು.

ಪೀಠಿಕೆಯಲ್ಲಿ ‘ಚಕ್ಕಡಿ ಅಚ್ಚಿಗೆ ಕೀಲೆಣ್ಣೆ ಯಾಕೆ ಹಚ್ಚುತ್ತಾರೆ?’ ಅಂತ ಕೇಳಿದರೆ ಹಳ್ಳಿಯ ಶಾಲೆಯಲ್ಲಿ ಕೈಗಳು ಏಳುತ್ತವೆ. ‘ಗಾಲಿ ಸರಳ ತಿರುಗ್ಲಿ ಅಂತ್ರಿ ಸರ್.’ ಈ ಉತ್ತರ ಸಿಕ್ಕಾಗ ‘ಸರಿಯಾಗಿ ಮಾತಾಡು’ ಅನ್ನುವ ಪ್ರಶಿಕ್ಷಣಾರ್ಥಿಗಳಿದ್ದಾರೆ. ಆ ಮಗು ಅವತ್ತು ಮತ್ತೆ ಬಾಯಿ ಬಿಡುವುದಿಲ್ಲ. ಉತ್ತರ ಸರಿಯಿದೆ, ಭಾಷೆ ಮನೆಯದು. ಅದನ್ನು ಹಾಗೆಯೇ ಒಪ್ಪಿಕೊಂಡು, ‘ಹೌದು, ಕೀಲೆಣ್ಣೆ ಘರ್ಷಣೆಯನ್ನು ಕಡಿಮೆ ಮಾಡುತ್ತದೆ’ ಎಂದು ಪುಸ್ತಕದ ಮಾತಿನಲ್ಲಿ ನೀವು ತಿರುಗಿ ಹೇಳಿದರೆ ಎರಡೂ ಕನ್ನಡ ಅಕ್ಕಪಕ್ಕ ಕೂರುತ್ತವೆ. ಹುಬ್ಬಳ್ಳಿಯ ಎಷ್ಟೋ ತರಗತಿಗಳಲ್ಲಿ ಮನೆಮಾತು ಉರ್ದು ಅಥವಾ ಮರಾಠಿ, ಗದಗ-ಹಾವೇರಿಯ ತಾಂಡಾಗಳಿಂದ ಬರುವ ಮಕ್ಕಳದು ಲಂಬಾಣಿ. ಅವರಿಗೆ ಪಠ್ಯದ ಕನ್ನಡ ಎರಡನೆಯ ಭಾಷೆ. ಪಾಠದ ಐದಾರು ಹೊಸ ಪದಗಳನ್ನು ಮೊದಲೇ ಗುರುತಿಸಿ, ವಸ್ತು ತೋರಿಸಿ, ಆಮೇಲೆ ವ್ಯಾಖ್ಯೆಗೆ ಹೋಗಿ. ಮರಾಠಿಯ ಭರಾಟೆಯ ಕಾಲದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದ ಸೀಮೆ ಇದು. ಇಲ್ಲೇ ನಿಂತು ಮಕ್ಕಳ ಕನ್ನಡಕ್ಕೆ ಮೂಗು ಮುರಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಬೋರ್ಡಿನ ವಿಷಯದಲ್ಲಿ ಒಂದೇ ಮಾತು. ಬರೆದ ಮೇಲೆ ಹಿಂದಿನ ಬೆಂಚಿಗೆ ಹೋಗಿ ನಿಂತು ಓದಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಅಕ್ಷರದಷ್ಟೇ ಜಾಗ ಬಿಡದಿದ್ದರೆ ‘ಮೇಲ್ಮೈ’ಯ ಕೆಳಗಿನ ‘ಘರ್ಷಣೆ’ ಕಲಸಿಹೋಗುತ್ತದೆ. ಮಳೆಗಾಲದಲ್ಲಿ ಹಲಗೆ ತಣ್ಣಗೆ ಬೆವರಿರುತ್ತದೆ, ಖಡು (ಸೀಮೆಸುಣ್ಣ) ಹಿಡಿಯುವುದಿಲ್ಲ. ಪ್ರಾರ್ಥನೆಗೆ ಮುಂಚೆಯೇ ಒಣಬಟ್ಟೆಯಲ್ಲಿ ಒರೆಸಿಡಿ.

ಶಾಲೆಯವರ ನಿರೀಕ್ಷೆ ಸರಳ. ಅವರ ದೃಷ್ಟಿಯಲ್ಲಿ ನೀವು ಅತಿಥಿಯಲ್ಲ, ‘ಸರ್’ ಅಥವಾ ‘ಅಕ್ಕೋರು’. ಮಾರ್ಗದರ್ಶಕ ಶಿಕ್ಷಕರಿಗೆ ಪಾಠ ಯೋಜನೆಯನ್ನು ಒಂದು ದಿನ ಮುಂಚೆ ತೋರಿಸಿ ಸಹಿ ಪಡೆಯಿರಿ. ಸ್ಟಾಫ್ ರೂಮಿನಲ್ಲಿ ಬೆಲ್ ಹೊಡೆದಾಗ ತರಾತುರಿಯಲ್ಲಿ ಸಹಿ ಕೇಳಿದರೆ ಅವರು ಹಾಕುತ್ತಾರೆ, ಓದುವುದಿಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಒಂದೇ ಏಟು’ ಎಂಬುದಕ್ಕೆ ಅಲ್ಲಿ ವಿನಾಯಿತಿ ಇಲ್ಲ. ಮಕ್ಕಳ ಫೋಟೊ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಚಟವನ್ನೂ ಬಿಡಿ.

ಕೊನೆಗೆ ಬರುವುದು ಘಟಕ ಪರೀಕ್ಷೆ, ಅದರ ಜೊತೆ ನೀಲನಕ್ಷೆ, ಅಂದರೆ ಅಂಕ ಹಂಚಿಕೆಯ ಕೋಷ್ಟಕ. 25 ಅಂಕಕ್ಕೆ ಜ್ಞಾನ 5, ತಿಳುವಳಿಕೆ 10, ಅನ್ವಯ 7, ಕೌಶಲ 3 ಎಂದಿಟ್ಟುಕೊಳ್ಳಿ. ಒಂದು ಅಂಕದ 5, ಎರಡರ 4, ಮೂರರ 4, ಒಟ್ಟು 13 ಪ್ರಶ್ನೆ. ಅಡ್ಡ ಮತ್ತು ಉದ್ದ ಸಾಲುಗಳ ಮೊತ್ತ ಎರಡೂ 25ಕ್ಕೆ ಬರಬೇಕು. ಬರದಿದ್ದರೆ ಕೆಲವರು ಪ್ರಶ್ನೆ ಬದಲಿಸದೆ ಕೋಷ್ಟಕದ ಅಂಕೆ ತಿದ್ದುತ್ತಾರೆ, ಪರಿಶೀಲಿಸುವವರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಅನ್ವಯದ ಪ್ರಶ್ನೆಯಲ್ಲಿದೆ. ಕೀಲೆಣ್ಣೆಯ ಮಾತು ಪಾಠದಲ್ಲಿ ಬಂದಾಗಿದೆ, ಅದನ್ನೇ ಪರೀಕ್ಷೆಯಲ್ಲಿ ಕೇಳಿದರೆ ಅದು ನೆನಪಿನ ಪ್ರಶ್ನೆ. ‘ಕೇರಂ ಬೋರ್ಡಿನ ಮೇಲೆ ಪುಡಿ ಯಾಕೆ ಉದುರಿಸುತ್ತಾರೆ?’ ಅಂತ ಕೇಳಿ, ಅದು ಅನ್ವಯ.

ಈ ಪರೀಕ್ಷೆಯನ್ನು 15ನೇ ವಾರಕ್ಕೆ ದೂಡಬೇಡಿ. 9 ಅಥವಾ 10ನೇ ವಾರದಲ್ಲಿ ಮುಗಿಸಿ, ಯಾವ ಪ್ರಶ್ನೆಯನ್ನು ಎಷ್ಟು ಮಕ್ಕಳು ತಪ್ಪಿದ್ದಾರೆಂದು ಪಟ್ಟಿ ಮಾಡಿ. ಹೆಚ್ಚು ತಪ್ಪಾದ ಪ್ರಶ್ನೆಯೇ ನಿಮ್ಮ ಕ್ರಿಯಾ ಸಂಶೋಧನೆಯ, ಅಂದರೆ ನಿಮ್ಮದೇ ತರಗತಿಯ ಒಂದು ತೊಡಕನ್ನು ಪರೀಕ್ಷಿಸಿ ಪರಿಹರಿಸಿ ಬರೆಯುವ ವರದಿಯ ವಿಷಯ. ಆ ಮಕ್ಕಳಿಗೆ ಎರಡು ವಾರ ಪರಿಹಾರ ಬೋಧನೆ, ಆಮೇಲೆ ಅದೇ ಮಟ್ಟದ ಬೇರೆ ಪ್ರಶ್ನೆಗಳಿಂದ ಮರುಪರೀಕ್ಷೆ, ಎರಡರ ಅಂಕ ಪಕ್ಕಪಕ್ಕದಲ್ಲಿ. ಬರೆಯಲು ಇನ್ನೂ ಎರಡು ವಾರವಾದರೂ ಕೈಯಲ್ಲಿರುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಳೆಯ ವರದಿಯಲ್ಲಿ ಶಾಲೆಯ ಹೆಸರು ಬದಲಿಸುವುದನ್ನು ಮರೆತು, ವೈವಾದಲ್ಲಿ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.