"ಇಷ್ಟು ಜಾಗ ಸಾಕಾಗ್ತದಾ?"

ಶಿರಸಿಯ ನಮ್ಮ ಮನೆಯ ಗೋಡೆಗೂ ಕಂಪೌಂಡಿಗೂ ನಡುವೆ ತಗಡು ಹೊದಿಸಿದ ಒಂದು ಓಣಿಯಿದೆ. ಅಗಲ 5 ಅಡಿ, ಉದ್ದ 14 ಅಡಿ. ಕಚೇರಿಯ ಕೆಲಸ ಮುಗಿದ ಮೇಲೆ ನಾನು ಅಲ್ಲಿ ಹವ್ಯಾಸಕ್ಕಾಗಿ ಮರಗೆಲಸ ಮಾಡುತ್ತೇನೆ. ನೋಡಿದವರೆಲ್ಲ ಕೇಳುವುದು ಒಂದೇ ಮಾತು: "ಇಷ್ಟು ಜಾಗ ಸಾಕಾಗ್ತದಾ?" ಸಾಕಾಗುತ್ತದೆ. ಎಂಟು ವರ್ಷಗಳಿಂದ ಸಾಕಾಗಿದೆ. ಹೇಳಿ ಹೇಳಿ ಬೇಸತ್ತಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿ ನನಗೆ ಸಿಟ್ಟು ತರಿಸುತ್ತದೆ. ಒಂದು ಮಾರಿಕಾಂಬಾ ಜಾತ್ರೆಯಲ್ಲಿ, ಬಿಡಕಿಬೈಲಿನಲ್ಲಿ ದೇವಿಯ ದರ್ಶನ ಮುಗಿಸಿ ಮನೆಗೆ ಬಂದ ನೆಂಟರೊಬ್ಬರು ಓಣಿಯ ಬಾಗಿಲಲ್ಲೇ ನಿಂತು, ಎರಡೂ ಕೈ ಚಾಚಿ ಗೋಡೆಗಳನ್ನು ಮುಟ್ಟಿ ತೋರಿಸಿದರು. "ನೋಡು, ಎರಡೂ ಬದಿ ಕೈಗೆ ಸಿಕ್ತದೆ. ಇದ್ರಲ್ಲಿ ಎಂಥ ಮಾಡೂಕಾಗ್ತದೆ ಮಾರಾಯ?" ಅವರ ಕಣ್ಣೆದುರಿನ ಮೇಜಿನ ಮೇಲೆ ನಾನು ಹಲಸಿನ ಮರದಲ್ಲಿ ಮಾಡುತ್ತಿದ್ದ ಕವಳದ (ಎಲೆ-ಅಡಿಕೆಯ) ಪೆಟ್ಟಿಗೆ ಇತ್ತು. ಅದರ ನಾಲ್ಕು ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಸೇರಿ ಕೂರುವ ಡವ್‌ಟೇಲ್ ಜೋಡಣೆಯನ್ನು ಗರಗಸ ಮತ್ತು ಉಳಿಯಲ್ಲೇ ಮಾಡಿದ್ದೆ. ಮೂರು ಮೂಲೆಗಳು ಕೂದಲು ತೂರದಷ್ಟು ಬಿಗಿಯಾಗಿ ಕೂತಿದ್ದವು, ನಾಲ್ಕನೆಯದರಲ್ಲಿ ಕಾಗದದಷ್ಟು ಸಂದು ಉಳಿದು, ಅದನ್ನು ಹೇಗೆ ಸರಿಪಡಿಸುವುದೆಂದು ನಾನು ಎರಡು ದಿನದಿಂದ ಯೋಚಿಸುತ್ತಿದ್ದೆ. ಆಗಷ್ಟೇ ದೇವಿಯ ಮರದ ವಿಗ್ರಹಕ್ಕೆ ಕೈಮುಗಿದು ಬಂದವರು ಆ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಲಿಲ್ಲ. ಗೋಡೆಯಿಂದ ಗೋಡೆಗೆ ಎಷ್ಟು ಎಂಬುದಷ್ಟೇ ಅವರಿಗೆ ಕಂಡದ್ದು.

ಅಳತೆಯನ್ನೇ ಮಾತಾಡುವುದಾದರೆ ಮಾತಾಡೋಣ. ನನ್ನ ಮೇಜಿನ ಅಗಲ 20 ಇಂಚು, ಅದು ಮನೆಯ ಗೋಡೆಗೆ ತಾಗಿ ಉದ್ದಕ್ಕೆ ನಿಂತಿದೆ. ನಿಲ್ಲಲು 40 ಇಂಚು ಉಳಿಯುತ್ತದೆ. ಮರ ಕೀಸಲು ಹತ್ತರಿ ಹೊಡೆಯುವವನ ಮೈ ಮೇಜಿನ ಉದ್ದಕ್ಕೆ ಹಿಂದೆ ಮುಂದೆ ತೂಗುತ್ತದೆಯೇ ಹೊರತು ಅಡ್ಡಕ್ಕೆ ಚಲಿಸುವುದಿಲ್ಲ, ಆದ್ದರಿಂದ ಅಷ್ಟು ಧಾರಾಳ. ಇಕ್ಕಟ್ಟಿನ ಜಾಗದಲ್ಲಿ ನಿಜವಾಗಿ ಲೆಕ್ಕ ಹಾಕಬೇಕಾದದ್ದು ಹಲಗೆ ಸಾಗುವ ದಾರಿಯನ್ನು. 6 ಅಡಿಯ ಹಲಗೆಯನ್ನು ಟೇಬಲ್ ಗರಗಸದಲ್ಲಿ ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಹಿಂದೆ 6 ಅಡಿ, ಮುಂದೆ 6 ಅಡಿ ಖಾಲಿ ಇರಬೇಕು. ಅಂದರೆ ಆ ಒಂದು ಯಂತ್ರವೇ ನನ್ನ ಇಡೀ ಓಣಿಯನ್ನು ನುಂಗುತ್ತದೆ. ಹಾಗಾಗಿ ಅದನ್ನು ಕೊಳ್ಳಲಿಲ್ಲ. ಸೀಳುವ ಕೆಲಸವನ್ನು ಸಾಮಿಲ್ಲಿನಲ್ಲೇ ಮುಗಿಸಿಕೊಂಡು ಬರುತ್ತೇನೆ. 8×4 ಅಡಿಯ ಪ್ಲೈವುಡ್ ಹಾಳೆ ಇಲ್ಲಿ ತಿರುಗುವುದಿಲ್ಲ, ಅದನ್ನು ಅಂಗಡಿಯಲ್ಲೇ ತುಂಡು ಮಾಡಿಸುತ್ತೇನೆ. ಓಣಿಯ ಕೊನೆಯ ಕಿಟಕಿಯನ್ನು ಮೇಜಿನ ಮಟ್ಟಕ್ಕೆ ಇಳಿಸಿದ್ದೇನೆ. ಉದ್ದದ ಹಲಗೆಯ ಬಾಲ ಅದರಿಂದ ಹಿತ್ತಿಲ ಕರಿಬೇವಿನ ಗಿಡದ ತನಕ ಚಾಚಿಕೊಂಡು ನಿಲ್ಲುತ್ತದೆ. ಇಷ್ಟು ಮಾಡಿಕೊಂಡ ಮೇಲೆ ಅಗಲ ಕಡಿಮೆಯಾಯಿತು ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

ಮದುವೆಗೆ ಮುನ್ನ ಮನೆಗೆ ಬರುತ್ತಿದ್ದ ಆಚಾರಿಗಳನ್ನು ನೆನಪಿಸಿಕೊಳ್ಳಿ. ಒಂದು ಚೀಲ ಹಿಡಿದು ಬಂದು, ಚಪ್ಪರದ ನೆರಳಲ್ಲಿ ನೆಲಕ್ಕೆ ಕೂತು, ಹಲಗೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಬಾಗಿಲು, ಮಂಚಗಳನ್ನು ಮಾಡಿ ಹೋದರು. ನಮ್ಮ ಸೀಮೆಯ ಗುಡಿಗಾರರು ಗಂಧದ ಕೆತ್ತನೆ ಮಾಡುವುದೂ ಒಂದು ಚಾಪೆಯಷ್ಟು ಜಾಗದಲ್ಲಿ ಕೂತೇ. ಅವರನ್ನು ಯಾರೂ ಜಾಗ ಸಾಕಾಗುತ್ತದೆಯೇ ಎಂದು ಕೇಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇಕ್ಕಟ್ಟು ಕೆಡುಕೇ, ಅದು ದೂಳು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ದೂಳನ್ನು 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮರವನ್ನು ಉಜ್ಜಿ ನಯಗೊಳಿಸುವ ಸ್ಯಾಂಡರ್ ಯಂತ್ರವನ್ನು ಓಣಿಯ ಒಳಗೆ ನಾನು ಚಾಲೂ ಮಾಡುವುದಿಲ್ಲ. ಅಂಗಳಕ್ಕೆ ಒಯ್ದು, ಎನ್-95 ಮುಖಗವಸು ಹಾಕಿಕೊಂಡೇ ಹಿಡಿಯುತ್ತೇನೆ.

ಇನ್ನು, ಯಾರೂ ಕೇಳದಿದ್ದರೂ ಕೇಳಬೇಕಾಗಿದ್ದ ಪ್ರಶ್ನೆ: ಮಳೆಗಾಲದಲ್ಲಿ ಏನು ಮಾಡುತ್ತೀರಿ? ಜೂನ್‌ನಿಂದ ಸೆಪ್ಟೆಂಬರ್ ತನಕ ಚಿರೇಕಲ್ಲಿನ ಕಂಪೌಂಡು ನೀರು ಹೀರಿಕೊಂಡು ಬೆವರುತ್ತದೆ, ಮತ್ತು 5 ಅಡಿಯ ಓಣಿಯಲ್ಲಿ ಆ ಒದ್ದೆ ಗೋಡೆಯಿಂದ ದೂರ ಸರಿಯಲು ಎಲ್ಲಿಯೂ ಜಾಗವಿಲ್ಲ. ಆ ಗೋಡೆಗೆ ನಾನು ಏನನ್ನೂ ಒರಗಿಸುವುದಿಲ್ಲ. ಹಲಗೆಗಳೆಲ್ಲ ತಗಡಿನ ಕೆಳಗೆ ಅಟ್ಟಣೆಯ ಮೇಲಿವೆ. ಗಾಳಿಯಾಡಲೆಂದು ಒಂದೊಂದರ ನಡುವೆ ಅಡಿಕೆ ದಬ್ಬೆಯ ತುಂಡುಗಳನ್ನು ಇಟ್ಟಿದ್ದೇನೆ. ಉಳಿ, ಹತ್ತರಿಗಳಿಗೆ ಪ್ರತಿ ಸಂಜೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸವರುತ್ತೇನೆ, ಒಂದು ವಾರ ಬಿಟ್ಟರೂ ಕಂದು ಚುಕ್ಕೆ ಏಳುತ್ತದೆ. ಗಾಳಿಯ ತೇವ ಏರಿದಂತೆ ಒಣಗಿದ ಮರವೂ ನೀರು ಕುಡಿದು ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಇದನ್ನು ಓದಿ ತಿಳಿದಿದ್ದರೂ ನನಗೆ ಮನವರಿಕೆಯಾದದ್ದು ಒಂದು ಡ್ರಾವರಿನಿಂದ. ಹೆಂಡತಿಯ ಹೊಲಿಗೆ ಮೇಜಿಗೆಂದು ಮಾರ್ಚ್‌ನಲ್ಲಿ ಸಾಗವಾನಿಯಲ್ಲಿ 8 ಇಂಚು ಎತ್ತರದ (ಹಲಗೆಯ ಅಗಲವೇ ಅದರ ಎತ್ತರ) ಡ್ರಾವರ್ ಮಾಡಿ, ಮೇಲೆ ಅರ್ಧ ಮಿಲಿಮೀಟರ್ ಸಂದು ಬಿಟ್ಟಿದ್ದೆ. ಜುಲೈನಲ್ಲಿ ಅದು ಕತ್ತರಿ, ನೂಲುಂಡೆಗಳ ಸಮೇತ ಸಿಕ್ಕಿಹಾಕಿಕೊಂಡಿತು. ಕೀಸಿ ಬಿಡು ಎಂದು ಪಕ್ಕದ ಮನೆಯವರು ಹೇಳಿದರು. ಆಗ ಕೀಸಿದ್ದರೆ ಬೇಸಿಗೆಯಲ್ಲಿ ಅದು ಸಡಿಲವಾಗಿ ಅಲುಗಾಡುತ್ತಿತ್ತು, ಹಾಗಾಗಿ ಕಾದೆ. ಹೆಂಡತಿ ನಾಲ್ಕು ತಿಂಗಳು ಬೇರೆ ಕತ್ತರಿಯಲ್ಲಿ ಸುಧಾರಿಸಿದಳು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಅದು ಒಂದೇ ಬೆರಳಿಗೆ ತೆರೆದುಕೊಂಡಿತು.

ಈಗ ಅಷ್ಟೇ ಎತ್ತರದ ಡ್ರಾವರನ್ನು ಬೇಸಿಗೆಯಲ್ಲಿ ಮಾಡಿದರೆ 3 ಮಿಲಿಮೀಟರ್ ಸಂದು ಬಿಡುತ್ತೇನೆ, ಆಗಸ್ಟ್‌ನಲ್ಲಿ ಮಾಡಿದರೆ ಅರ್ಧ ಮಿಲಿಮೀಟರ್. ಯಾವ ತಿಂಗಳಲ್ಲಿ ಎಷ್ಟು ಬಿಟ್ಟೆನೆಂದು ಪ್ರತಿಯೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತೇನೆ.