ಬೇಕರಿ ಮಾಲೀಕರ ಸಹಿ

ಈ ಮಂಗಳವಾರ ಪಾಟೀಸವಾಲಿಗೆ ನಿಂತಿದ್ದವರು ಒಂದು ಬೇಕರಿಯ ಮಾಲೀಕರು. ಅವರ ಅಂಗಡಿಯ ಕ್ಯಾಮೆರಾದಲ್ಲಿ ರಸ್ತೆ ಅಪಘಾತವೊಂದು ದಾಖಲಾಗಿತ್ತು. ಆರೋಪಿ ಚಾಲಕನ ಪರ ಹಿರಿಯ ವಕೀಲರಿಗೆ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಟ್ಟವನು ನಾನು. ಎದ್ದು ವಾದಿಸುವುದು ಬೇರೆಯವರು, ಪೆನ್ ಡ್ರೈವ್, ಡಿವಿಆರ್ (ಕ್ಯಾಮೆರಾ ದೃಶ್ಯಗಳನ್ನು ದಾಖಲಿಸಿಡುವ ಪೆಟ್ಟಿಗೆ), ಪ್ರಮಾಣಪತ್ರಗಳಲ್ಲಿ ಹುಳುಕು ಹುಡುಕುವುದು ನಾನು ಎಂಬ ಏರ್ಪಾಡಿನಲ್ಲೇ ನನ್ನ ವೃತ್ತಿ ಸಾಗಿದೆ.

“ಪ್ರಮಾಣಪತ್ರದ ಮೇಲಿನ ಈ ಸಹಿ ನಿಮ್ಮದೇ?”

“ಹೌದು ಸ್ವಾಮಿ.”

“ಇಲ್ಲಿರುವ ಹ್ಯಾಶ್ ಮೌಲ್ಯ ಎಂದರೇನು?”

ಅವರು ಕಡತದ ಬೆರಳಚ್ಚಿನಂತಿರುವ 64 ಅಂಕಿ-ಅಕ್ಷರಗಳ ಆ ಸಾಲಿನ ಮೇಲೆ ಬೆರಳಿಟ್ಟು, ಕನ್ನಡಕ ಸರಿಪಡಿಸಿಕೊಂಡು, ಕೊನೆಯವರೆಗೂ ಓದಲು ನೋಡಿದರು. “ಗೊತ್ತಿಲ್ಲ ಸ್ವಾಮಿ, ಸಹಿ ಹಾಕಿ ಅಂದ್ರು, ಹಾಕಿದೆ. ಆದ್ರೆ ನಮ್ ಕ್ಯಾಮೆರಾ ಟೈಮು ಹತ್ತು ನಿಮಿಷ ಮುಂದಿದೆ...”

“ಕೇಳಿದ್ದಕ್ಕಷ್ಟೇ ಉತ್ತರ ಹೇಳಿ.”

ಹ್ಯಾಶ್ ಗೊತ್ತಿಲ್ಲವೆಂಬುದು ದಾಖಲಾಯಿತು, ಗಡಿಯಾರದ ಮಾತು ದಾಖಲಾಗಲಿಲ್ಲ. ನಮ್ಮ ಹಿರಿಯರು ತಿರುಗಿ ನನ್ನತ್ತ ನಕ್ಕರು. ಸಮರ್ಥರೇ, ಆದರೆ ಸಾಕ್ಷಿ ತಬ್ಬಿಬ್ಬಾದರೆ ಅವರಿಗೆ ಅಗತ್ಯಕ್ಕಿಂತ ಹೆಚ್ಚು ಸಂತೋಷ. ಪಾಟೀಸವಾಲಿನ ನಂತರ ತಮ್ಮ ಸಾಕ್ಷಿಯನ್ನು ಮತ್ತೆ ಪ್ರಶ್ನಿಸುವ ಮರುವಿಚಾರಣೆಗೆ ಸರ್ಕಾರಿ ಅಭಿಯೋಜಕರು “ಇಲ್ಲ” ಎಂದರು. ಅವರು ಗಡಿಯಾರದ ಮಾತನ್ನು ಕೇಳಿಸಿಕೊಂಡೇ ಇರಲಿಲ್ಲವೆಂದು ನನಗೆ ಅನುಮಾನ.

2014ರಲ್ಲಿ ಅನ್ವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲೆಕ್ಟ್ರಾನಿಕ್ ದಾಖಲೆಯ ನಕಲಿನ ಜೊತೆ ಪ್ರಮಾಣಪತ್ರವನ್ನು ಕಡ್ಡಾಯವೆಂದಿತು. 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯುತ್ತಾ, ಮೂಲ ಸಾಧನದೊಂದಿಗೆ ಅದರ ಒಡೆಯನೇ ಬಂದು ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಕಿಲ್ಲವೆಂದೂ ಹೇಳಿತು. ಇಲ್ಲಿ ಒಡೆಯರು ಬಂದಿದ್ದರು, ಡಿವಿಆರ್ ಬಂದಿರಲಿಲ್ಲ. ತನಿಖಾಧಿಕಾರಿ ಪೆನ್ ಡ್ರೈವಿಗೆ ನಕಲು ತೆಗೆದುಕೊಂಡು ಡಿವಿಆರನ್ನು ಅಂಗಡಿಯಲ್ಲೇ ಬಿಟ್ಟಿದ್ದರು, ಅದು ತನ್ನ ಪಾಡಿಗೆ ಹಳೆಯ ದೃಶ್ಯಗಳ ಮೇಲೆ ಹೊಸದನ್ನು ಬರೆದುಕೊಂಡು ಹೋಗಿತ್ತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ: ಮೊದಲನೆಯದು ದಾಖಲೆ ಹಾಜರುಪಡಿಸುವವರದು, ಎರಡನೆಯದು ತಜ್ಞರದು. ಹ್ಯಾಶ್ ಮೌಲ್ಯವನ್ನು ಎರಡರಲ್ಲೂ ಕೇಳಲಾಗಿದೆ. ನಕಲಿನಲ್ಲಿ ಒಂದು ಬಿಟ್ ಬದಲಾದರೂ ಸಿಕ್ಕಿಬೀಳುವಂತೆ ಮಾಡುವ ಈ ಏರ್ಪಾಡನ್ನು ನಾನು ಮೆಚ್ಚುತ್ತೇನೆ, ಅದನ್ನು ತಜ್ಞರಿಂದ ಕೇಳುವುದು ಸರಿಯೇ. ಆದರೆ ಬೇಕರಿಯವರಿಂದ ಅದನ್ನು ಪ್ರಮಾಣೀಕರಿಸಿಕೊಳ್ಳುವುದೆಂದರೆ, ಅರಿಯದ್ದಕ್ಕೆ ಅವರ ಸಹಿ ಪಡೆದು, ಅರಿತದ್ದನ್ನು ಹೇಳಲು ಹೊರಟಾಗ ಬಾಯಿ ಮುಚ್ಚಿಸಿದಂತೆ. ಸಾಧನ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬ ಅಚ್ಚಾದ ಸಾಲಿನ ಕೆಳಗೂ ಅವರದೇ ಸಹಿಯಿದೆ. ಹತ್ತು ನಿಮಿಷ ಮುಂದೆ ಓಡುವ ಗಡಿಯಾರದ ವಿಷಯ ಅಲ್ಲಿ ಬರೆದಿಲ್ಲ, ಠಾಣೆಯಲ್ಲಿ ಯಾರೂ ಕೇಳಿದಂತೆಯೂ ಕಾಣಲಿಲ್ಲ.

ಆ ಹತ್ತು ನಿಮಿಷ ನಮ್ಮ ಕಕ್ಷಿದಾರನಿಗೆ ಅನುಕೂಲವೋ ಮುಳುವೋ ಎಂಬುದು ಟೋಲ್ ಗೇಟಿನ ದಾಖಲೆಯೊಂದಿಗೆ ತಾಳೆ ನೋಡದೆ ಹೇಳಲಾಗದು. ಮುಂದಿನ ದಿನಾಂಕಕ್ಕೆ ತಜ್ಞರ ಪಾಟೀಸವಾಲಿದೆ. ಗಡಿಯಾರದ ಪ್ರಶ್ನೆ ಕೇಳುವ ಮೊದಲು ಆ ದಾಖಲೆ ತರಿಸೋಣವೆಂದು ನಾನು, ಮುಟ್ಟುವುದೇ ಬೇಡವೆಂದು ಹಿರಿಯರು. ನಿನ್ನೆ ಸಂಜೆಯವರೆಗೂ ಇತ್ಯರ್ಥವಾಗಿರಲಿಲ್ಲ.