ಬಂಡೆಯ ಮೇಲಿನ ಕಲೆ

ಸ್ವಯಂಸೇವಕ ನಿಸರ್ಗಾಸಕ್ತರ ಪ್ರಾದೇಶಿಕ ಸಮಾವೇಶದಿಂದ ಈಗಷ್ಟೇ ಮರಳಿದ್ದೇನೆ. ಹಕ್ಕಿಗಳನ್ನು ನೋಡುವ ಆಸೆಯಿಂದ ದುರ್ಬೀನು ಹೊತ್ತು ಹೋದ ನಾನು ಇಡೀ ಬೆಳಗನ್ನು ಒಂದೇ ಬಂಡೆಯ ಮುಂದೆ ಮಂಡಿಯೂರಿ ಕಳೆದೆನೆಂದರೆ ನೀವು ನಗಬಹುದು.

ಬರೀ ಕಲೆಯೆಂದು ಇಷ್ಟು ವರ್ಷ ನಾನು ಗಮನಿಸದೆ ದಾಟುತ್ತಿದ್ದ ಬೂದು ಚಕ್ಕೆ ವಾಸ್ತವದಲ್ಲಿ ಕಲ್ಲುಹೂವು (ಲೈಕೆನ್) ಎಂಬ ಜೀವ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಪುಟ್ಟ ಮಸೂರವನ್ನು ಕಣ್ಣಿಗೆ ಹಿಡಿದು, ಮೂಗು ಕಲ್ಲಿಗೆ ತಾಗುವಷ್ಟು ಬಾಗಿದಾಗ, ಅದರೊಳಗೆ ಸುಕ್ಕುಗಟ್ಟಿದ ಅಂಚುಗಳೂ ಶಿಲೀಂಧ್ರವು ಬೀಜಕಗಳನ್ನು ಸಿದ್ಧಪಡಿಸುವ ಸಣ್ಣ ಸಣ್ಣ ಬಟ್ಟಲುಗಳೂ ಕಂಡವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಏನೂ ಹೇಳದೆ ಅದರ ಮೇಲೆ ಒಂದು ಹನಿ ನೀರು ಬಿಟ್ಟರು. ನೋಡುತ್ತಿದ್ದಂತೆಯೇ ಬೂದು ಬಣ್ಣ ಹಿಂಜರಿದು ಹಸಿರು ಮೇಲೆದ್ದಿತು. ನೆನೆದ ಹೊರಪದರವು ತಿಳಿಯಾದುದರಿಂದ ಒಳಗಿನ ಪಾಚಿ ಕಾಣಿಸತೊಡಗಿತ್ತು.

ಇದು ಒಂಟಿ ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿಗಳ ಕೂಡುಬಾಳು ಎಂದು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ 1860ರ ದಶಕದಲ್ಲಿ ಹೇಳಿದಾಗ ಅಂದಿನ ಅನೇಕ ತಜ್ಞರು ಒಪ್ಪಿರಲಿಲ್ಲ. 2016ರಲ್ಲಿ ಕೆಲವು ಕಲ್ಲುಹೂವುಗಳ ಹೊರಪದರದಲ್ಲಿ ಯೀಸ್ಟ್ ಕೂಡ ವಾಸಿಸುವುದು ತಿಳಿದುಬಂತು. ಅಂದರೆ ನಾನು ಕಲೆಯೆಂದುಕೊಂಡದ್ದು ಒಂದು ತುಂಬಿದ ಮನೆ!

ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯದ ಪ್ರಭೇದಗಳು ಇವುಗಳಲ್ಲಿವೆ ಎಂದು ಆ ಹಿರಿಯರು ಹೇಳುತ್ತಿದ್ದಾಗ, ಅಂಗೈಯಗಲದ ಇನ್ನೊಂದು ಚಕ್ಕೆಯ ಮೇಲೆ ಆರಾಮವಾಗಿ ಊರಿಕೊಂಡಿದ್ದ ನನ್ನ ಮೊಣಕೈಯನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡೆ. ಚೀಲದಿಂದ ದುರ್ಬೀನನ್ನು ಕೊನೆಗೂ ಹೊರತೆಗೆಯಲೇ ಇಲ್ಲ.